ಸೀಸಪ್ಪನ ಹೊಸ ಕನ್ನಡಕ

ಇಷ್ಟೆಲ್ಲ ರಂಪಕ್ಕೆ ಕಾರಣ ಸೀಸಪ್ಪನ ಮೂಗು. ಹುಟ್ಟಿನಿಂದಲೇ ಚಪ್ಪಟೆಯಾಗಿದ್ದ ಆ ಮೂಗಿನ ಮೇಲೆ ಏನಿಟ್ಟರೂ ಜಾರುತ್ತಿತ್ತು.

ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಬಿಡಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಾಯಿಸಿ, ಹೃದಯದ ರಕ್ತನಾಳಗಳನ್ನು ಪರದೆಯ ಮೇಲೆ ನೋಡುತ್ತ ಕಟ್ಟಿಕೊಂಡದ್ದನ್ನು ಬಿಡಿಸುವ ಕೋಣೆ ಇರುತ್ತದಲ್ಲ, ಅಲ್ಲಿ ಇವನು ಟೆಕ್ನೀಷಿಯನ್. ರೋಗಿಗೆ ಆ ಕಿರಣ ಅಪರೂಪಕ್ಕೊಮ್ಮೆ ತಾಗಿದರೆ ಒಳಗೆ ನಿಲ್ಲುವವರಿಗೆ ದಿನಬೆಳಗಾದರೆ ಅದೇ. ಅದನ್ನು ತಡೆಯಲು ಮೈಗೆ ಸೀಸದ ಏಪ್ರನ್ ಇತ್ತು, ಕತ್ತಿಗೆ ಸೀಸದ ಪಟ್ಟಿ ಇತ್ತು. ಕಣ್ಣಿಗೆ? ಇಡೀ ಕೋಣೆಗೆ ಸೀಸದ ಗಾಜಿನ ಒಂದೇ ಒಂದು ಕನ್ನಡಕ, ಅದೂ ಓಬೀರಾಯನ ಕಾಲದ್ದು. "ಕಣ್ಣು ಕಣ್ರೀ, ಕಣ್ಣು! ಎಲ್ಲರಿಗೂ ಸೀಸದ ಗಾಜು ಬೇಕು!" ಎಂದು ಕಂಡಕಂಡವರ ಮುಂದೆ ಗೋಗರೆದು ಗೋಗರೆದು ಇವನು ಸೀಸಪ್ಪನಾಗಿದ್ದ.

ಆ ಹಳೆಯದನ್ನು ತನ್ನ ನಂಬರಿನ ಕನ್ನಡಕದ ಮೇಲೆ ಹೇರಿ, ಬ್ಯಾಂಡೇಜ್ ಬಟ್ಟೆಯಿಂದ ತಲೆಯ ಹಿಂದೆ ಗಂಟು ಬಿಗಿದು ನಿಲ್ಲುತ್ತಿದ್ದ. ನೋಡನೋಡುತ್ತಿದ್ದಂತೆ ಎರಡೂ ಜಾರಿ ಮೂತಿಯ ಮೇಲೆ ಕೂರುತ್ತಿದ್ದವು.

ಹೆಂಡತಿಗೆ ಇದು ನಗುವ ವಿಷಯವಾಗಿರಲಿಲ್ಲ. ಅವಳ ಅಪ್ಪನೂ ಇದೇ ಕೆಲಸ ಮಾಡಿ, ತಲೆ ನೆರೆಯುವ ಮೊದಲೇ ಕಣ್ಣಿಗೆ ಪೊರೆ ತಂದುಕೊಂಡವರು. ಒಮ್ಮೆ ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟನ್ನು ಅಳಿಯನೆಂದುಕೊಂಡು ಅರ್ಧ ಗಂಟೆ ಬುದ್ಧಿ ಹೇಳಿದ್ದರು. "ನಿಮಗಿಂತ ಆ ಕೋಟೇ ವಾಸಿ, ಸುಮ್ನೆ ಕೇಳಿಸ್ಕೊಳ್ತು" ಎಂದು ಅವಳು ಇವನನ್ನು ಹಂಗಿಸುವಳು. ಹಂಗಿಸಿ, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುವಳು. ಮುಂದೊಂದು ದಿನ ಮಗಳ ಮುಖ ತನಗೂ ಹಾಗೇ ಮಸುಕಾದರೆ ಎಂದು ನೆನೆದಾಗ ಸೀಸಪ್ಪನ ಎದೆ ಝಲ್ಲೆನ್ನುತ್ತಿತ್ತು.

ಅಂದು ಬೆಳಗ್ಗೆ ಸ್ಟೋರ್ ಕೀಪರ್ ಫೋನು ಮಾಡಿದರು. "ಬಂತು ಕಣಯ್ಯ ನಿನ್ನ ಕನ್ನಡಕ! ನಿನ್ನ ಕಾಟ ತಡೀಲಾರದೆ ತರಿಸಿದೀನಿ. ತಗೊಂಡ್ಹೋಗಿ ನನ್ನ ತಲೆ ಉಳಿಸು."

ಅವನದೇ ನಂಬರು, ಅವನದೇ ಮೂಗಿನ ಅಳತೆ. ಹಾಕಿಕೊಂಡು ತಲೆ ಕೊಡವಿದ, ಬಗ್ಗಿದ, ಒಂದು ಸಲ ಕುಪ್ಪಳಿಸಿಯೂ ನೋಡಿದ. ಊಹೂಂ, ಜಾರಲಿಲ್ಲ! ಕಾರಿಡಾರಿನಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ.

"ಏನ್ ಸೀಸಪ್ಪ, ಮದುಮಗನ ಥರ ಬರ್ತಿದೀಯ! ಕೊಡಿಲ್ಲಿ, ನಾನೂ ನೋಡ್ತೀನಿ" ಎಂದು ಕೋಣೆಯೊಳಗಿದ್ದ ಹಿರಿಯ ನರ್ಸು ಕಿತ್ತುಕೊಂಡು ಹಾಕಿಕೊಂಡಳು. "ಅಯ್ಯಯ್ಯೋ, ನೆಲ ಪಾತಾಳಕ್ಕೆ ಹೋಯ್ತಲ್ಲೋ!" ಎಂದು ಚೀರುತ್ತ ಟ್ರೇ ಸಮೇತ ಗೋಡೆಗೆ ಒರಗಿದಳು. ಕತ್ತರಿ, ಚಿಮಟಗಳೆಲ್ಲ ನೆಲದ ಪಾಲಾದವು.

"ಇದು ನನ್ನ ಕಣ್ಣಿಗೆ ಮಾತ್ರ ಆಗೋದು ಸಿಸ್ಟರ್. ಬೇರೆ ಯಾರ ಕೈಗೆ ಸಿಕ್ರೂ ಉಪಯೋಗವಿಲ್ಲ" ಎಂದು ಸೀಸಪ್ಪ ಎದೆಯುಬ್ಬಿಸಿ ಹೇಳಿದ. ಆ ಮಾತೊಂದನ್ನು ಆಡಬಾರದಿತ್ತು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಅವರ ಕೈಗುಣ ದೊಡ್ಡದು, ಜಂಬ ಅದಕ್ಕಿಂತ ದೊಡ್ಡದು. ತಮ್ಮದು ಹದ್ದಿನ ಕಣ್ಣೆಂದು ಅವರು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಸೀಸದ ಕನ್ನಡಕವೆಂದರೆ ಮೂಗು ಮುರಿಯುತ್ತಿದ್ದರು. ಅವರಿಗಿದ್ದ ದೂರು ಒಂದೇ: "ಸೀಸಪ್ಪ, ಪರದೆ ಒರೆಸಪ್ಪ, ಮಸುಕಾಗಿದೆ." ಅವನು ದಿನಾ ಒರೆಸುತ್ತಿದ್ದ, ಅವರು ದಿನಾ ಪರದೆಯ ಕಡೆಗೆ ಇನ್ನಷ್ಟು ಕತ್ತು ಚಾಚುತ್ತಿದ್ದರು.

"ಏನಯ್ಯ ಇದು ಗೂಬೆ ವೇಷ!" ಎಂದು ನಗುತ್ತ ಕನ್ನಡಕ ಕಸಿದು ತಾವೇ ಏರಿಸಿಕೊಂಡರು. ಎಲ್ಲರನ್ನೂ ನಗಿಸಲು ಕಣ್ಣರಳಿಸಿ ಪರದೆಯತ್ತ ತಿರುಗಿದರು. ನಗು ಅಲ್ಲೇ ನಿಂತಿತು.

"ಸೀಸಪ್ಪ... ಪರದೆ ಯಾವಾಗ ಒರೆಸಿದೆ?"

"ಇವತ್ತಿನ್ನೂ ಒರೆಸಿಲ್ಲ ಸಾರ್."

ಡಾಕ್ಟರು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದು ಹಾಕಿದರು. ಆಮೇಲೆ ತೆಗೆಯಲೇ ಇಲ್ಲ. ಅಂದಿನ ರೋಗಿಗಳ ಸರದಿ ಮುಗಿಯುವವರೆಗೂ ಅವರು ಕತ್ತು ಚಾಚದೆ ನೆಟ್ಟಗೆ ನಿಂತು ಕೆಲಸ ಮಾಡಿದರು. ಸೀಸಪ್ಪ ಮೂತಿಯ ಮೇಲೆ ಹಳೆಯದನ್ನು ಹೊತ್ತು ಪಕ್ಕದಲ್ಲಿ ನಿಂತಿದ್ದ.

ಸಂಜೆ ಡಾಕ್ಟರು ಎಲ್ಲರನ್ನೂ ಸೇರಿಸಿದರು. "ಕಣ್ಣಿನ ಬೆಲೆ ಏನಂತ ನನಗೆ ಇವತ್ತು ಗೊತ್ತಾಯ್ತು! ಇನ್ಮೇಲೆ ಸೀಸದ ಗಾಜಿಲ್ಲದೆ ಯಾರೂ ಒಳಗೆ ಕಾಲಿಡಬಾರದು. ಒಬ್ಬೊಬ್ಬರಿಗೂ ಅವರವರ ಅಳತೆಯದು ತರಿಸ್ತೀನಿ. ಇದೆಲ್ಲ ನಮ್ಮ ಸೀಸಪ್ಪನ ಪುಣ್ಯ!"

ಚಪ್ಪಾಳೆಯೋ ಚಪ್ಪಾಳೆ. ನರ್ಸು ಅವನ ಬೆನ್ನಿಗೆ ಗುದ್ದಿ, "ಗೆದ್ದೆ ಬಿಡೋ!" ಎಂದಳು. ಎಷ್ಟೋ ವರ್ಷ ಕೂಗಿದ ಕೂಗು ಕೊನೆಗೂ ಕೇಳಿಸಿತಲ್ಲ ಎಂದು ಸೀಸಪ್ಪನ ಕಣ್ಣು ತುಂಬಿ ಬಂತು. ಸ್ಟೋರ್ ಕೀಪರ್ ಅಲ್ಲೇ ಟೇಪು ಹಿಡಿದು ಒಂದೊಂದೇ ಮೂಗು ಅಳೆಯುತ್ತ ಬಂದರು. ಸೀಸಪ್ಪ ತನ್ನದನ್ನು ಮುಂದೆ ಮಾಡಿದ. ಅವರು ದಾಟಿ ಹೋದರು.

"ಸಾರ್, ನನ್ನ ಮೂಗು?"

"ನಿಂದು ಬೆಳಗ್ಗೇನೇ ಕೊಟ್ಟಾಯ್ತಲ್ಲಪ್ಪ. ಒಬ್ಬರಿಗೆ ಒಂದೇ."

"ಅದು ಡಾಕ್ಟರ ಮುಖದ ಮೇಲಿದೆಯಲ್ಲ! ಅವರಿಗೊಂದು ಬೇರೆ ತರಿಸಿ."

"ಕೇಳಿದೆ. ನನಗೆ ಬೇಡವೇ ಬೇಡ ಅಂದ್ರು."

ಸೀಸಪ್ಪ ಓಡಿದ. ಡಾಕ್ಟರು ಅವನ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದೊಯ್ದು ಪಿಸುಗುಟ್ಟಿದರು: "ನೋಡಪ್ಪ, ನನಗೇಂತ ತರಿಸಿದ್ರೆ ಕಣ್ಣಿನ ನಂಬರು ಹೇಳಬೇಕಾಗತ್ತೆ. ಹದ್ದಿನ ಕಣ್ಣಿಗೆ ಎಲ್ಲಾದ್ರೂ ನಂಬರು ಇರತ್ತಾ? ಮಾನ ಹೋಗತ್ತೆ. ನಿಂದೇ ನನ್ನ ಹತ್ರ ಇರಲಿ. ನಿನಗೆ ಹಳೇದು ಅಭ್ಯಾಸವಾಗಿದೆಯಲ್ಲ!"

ಮನೆಯ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. "ಬಂತಾ?"

"ಬಂತು ಕಣೇ! ಎಲ್ಲರಿಗೂ ಬರ್ತಿದೆ! ಡಾಕ್ಟರೇ ಹಾಕ್ಕೊಂಡ್ರು! ಇನ್ನು ಆ ಕೋಣೇಲಿ ಯಾರ ಕಣ್ಣಿಗೂ ನಿಮ್ಮಪ್ಪನ ಗತಿ ಬರಲ್ಲ!"

ಹೆಂಡತಿಯ ಮುಖ ಅರಳಿತು. "ನಿಮ್ದೆಲ್ಲಿ, ತೋರ್ಸಿ?"

ಸೀಸಪ್ಪ ಜೇಬಿಗೆ ಕೈಹಾಕಿ, ಸುತ್ತಿನ್ನೂ ಬಿಚ್ಚದ ಹೊಸ ಬ್ಯಾಂಡೇಜನ್ನು ಹೊರತೆಗೆದ.

"ಈ ಸಲ ಅಗಲದ್ದು ಕೊಟ್ಟಿದಾರೆ ಕಣೇ" ಎಂದ.