ಎಲೆಗಳ ಆಚೆ ಒಂದು ಟವರ್

ಮರದ ಹಿಂದಿರುವ ಮನೆಗಳಿಗೆ ಇಂಟರ್ನೆಟ್ ಕೊಡುವ ಕೆಲಸ ಹಿಡಿದವರು ನಗುವುದಕ್ಕೆ ಬೇರೆ ಜಾಗ ಹುಡುಕಬೇಕಾಗಿಲ್ಲ. ಗಲ್ಲಿಗಲ್ಲಿಗೂ ಕೇಬಲ್ ಬಂದಿರದ ಕಾಲ ಅದು. ಯಲಹಂಕದಲ್ಲಿ ನಾನೂ ನನ್ನ ಕಾಲೇಜಿನ ಗೆಳತಿಯೂ ಸೇರಿ ಒಂದು ಸಣ್ಣ ಕಂಪನಿ ನಡೆಸುತ್ತಿದ್ದೆವು. ಅವಳು ಆಫೀಸಿನಲ್ಲಿ ಕೂತು ಫೋನ್ ಎತ್ತುತ್ತಿದ್ದಳು, ನಾನು ಊರವರ ತಾರಸಿ ಹತ್ತುತ್ತಿದ್ದೆ. ನಮ್ಮ ಟವರಿನ ಕಡೆ ಮುಖ ಮಾಡಿ, ಊಟದ ತಟ್ಟೆಯಷ್ಟು ಅಗಲದ ಒಂದು ಆಂಟೆನಾ ಕೂರಿಸಿದರೆ ಇಂಟರ್ನೆಟ್ ಗಾಳಿಯಲ್ಲೇ ಬರುತ್ತಿತ್ತು. ಆಂಟೆನಾಗೆ ಟವರ್ ಕಾಣಬೇಕು, ಅಷ್ಟೇ. ನಡುವೆ ಮರ ಬಂತೋ, ಹಸಿ ಎಲೆಗಳು ಸಿಗ್ನಲ್ಲನ್ನೆಲ್ಲ ಕುಡಿದುಬಿಡುತ್ತವೆ.

ನಾನೋ, ಮರ ಕಂಡರೆ ಕೆಲಸ ಮರೆಯುವವಳು. ಗೆಳತಿ ಫೋನ್ ಮಾಡಿ "ಲಿಂಕ್ ಬಂತೇನೇ?" ಅಂದರೆ, "ಇಲ್ಲ ಕಣೇ, ಆದ್ರೆ ಹೊಂಗೆ ಹೂ ಬಿಟ್ಟಿದೆ" ಅನ್ನುತ್ತಿದ್ದೆ.

ಅರಳಿ ಚಿಗುರಿದಾಗ

ಆರ್.ಟಿ. ನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಮನೆ. ಅವರ ತಾರಸಿಗೂ ನಮ್ಮ ಟವರಿಗೂ ನಡುವೆ ಒಂದು ಅರಳಿ ಮರ. ನಾನು ಆಂಟೆನಾ ಹಾಕಿದಾಗ ಮರ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತ್ತು, ಲಿಂಕ್ ಜೋರಾಗಿ ಬಂತು. ಯಜಮಾನರಿಗೆ ಖುಷಿಯೋ ಖುಷಿ.

ಕೆಲವೇ ವಾರದಲ್ಲಿ ಫೋನ್. "ಏನಮ್ಮಾ, ನೆಟ್ ಸತ್ತೇ ಹೋಯ್ತಲ್ಲ?"

ತಾರಸಿ ಹತ್ತಿ ನೋಡಿದೆ. ಮರದ ತುಂಬ ತಾಮ್ರದ ಬಣ್ಣದ ಎಳೆ ಚಿಗುರು. ಬಿಸಿಲು ಒಂದೊಂದು ಎಲೆಯ ಒಳಗೂ ಹೊಕ್ಕು ಆಚೆ ಬರುತ್ತಿತ್ತು. ಬಿಸಿಲು ದಾಟುತ್ತದೆ, ಇಂಟರ್ನೆಟ್ ಮಾತ್ರ ದಾಟುತ್ತಿಲ್ಲವಲ್ಲ ಅಂತ ಯೋಚಿಸುತ್ತಾ ಎಷ್ಟು ಹೊತ್ತು ನಿಂತೆನೋ, ಯಜಮಾನರು ಮೇಲೆ ಬಂದು ಕೆಮ್ಮಿದರು. ಕಾರಣ ಹೇಳಿದೆ.

ಅಷ್ಟರಲ್ಲಿ ಕೆಳಗೆ ಅವರ ಮನೆಯವರು ಚೊಂಬು ಹಿಡಿದು ಅದೇ ಮರಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಯಜಮಾನರು ತಾರಸಿಯಿಂದಲೇ ಕೂಗಿದರು. "ಲೇ, ನೀರು ಹಾಕೋದ್ ನಿಲ್ಸೇ! ನೀನು ಹಾಕ್ತಿದ್ರೆ ಅದು ಚಿಗುರ್ತಾನೇ ಇರತ್ತೆ, ನನ್ನ ನೆಟ್ ಬರಲ್ಲ."

ಆಕೆ ನಿಂತು ಮೇಲೆ ನೋಡಿದರು. "ನಾನು ನೀರು ಹಾಕ್ತಿರೋದು ನಿಮ್ಮ ಆಯಸ್ಸಿಗೆ ಕಣ್ರೀ. ಯಾವ್ದು ಬೇಕು ಹೇಳಿ, ಅದರ ಪ್ರಕಾರ ಮಾಡ್ತೀನಿ."

ಯಜಮಾನರು ನನ್ನ ಕಡೆ ತಿರುಗಿದರು. "ಆಂಟೆನಾ ಕಂಬ ಇನ್ನೊಂದು ಸ್ವಲ್ಪ ಎತ್ತರ ಮಾಡಕ್ಕಾಗತ್ತೇನಮ್ಮಾ?"

ಬಗ್ಗಿ ಬಂದ ಇಂಟರ್ನೆಟ್

ಬಾಗಲೂರಿನ ಹತ್ತಿರ ಒಬ್ಬ ಗೌಡರು ಹೊಲದ ಒಂದು ಮೂಲೆಯಲ್ಲಿ ಬಾಡಿಗೆಗೆ ಮನೆಗಳನ್ನು ಕಟ್ಟಿಸಿದ್ದರು. ನೆಟ್ ಇಲ್ಲದಿದ್ದರೆ ಬಾಡಿಗೆದಾರರು ಖಾಲಿ ಮಾಡುತ್ತೇವೆಂದು ಕೂತಿದ್ದರು. ಎದುರಿಗೆ ಗುಡ್ಡದಂಥ ಮಾವಿನ ಮರ.

"ಗೌಡ್ರೇ, ಆ ಒಂದು ಕೊಂಬೆ ತೆಗೆಸಿದ್ರೆ ಸಾಕು" ಅಂದೆ.

ಅವರು ನನ್ನನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. "ಇದು ನಮ್ ತಾತ ನೆಟ್ಟಿದ್ದು ಕಣವ್ವ. ನಿನ್ ಇಂಟರ್‌ನೆಟ್ ನಿನ್ನೆ ಮೊನ್ನೆ ಬಂದದ್ದು. ಇಂಗೆ ದೊಡ್ಡೋರು ನಿಂತಿರೋವಾಗ ಚಿಕ್ಕೋರು ಎದುರಿಗೆ ನುಗ್ತಾರಾ? ಪಕ್ಕದಾಗೆ ಬಗ್ಗಿ ಬರಾಕೇಳು."

ಆ ನೆರಳಿನಲ್ಲಿ ವಾದ ಮಾಡುವ ಮನಸ್ಸೇ ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿದೆ. ಎದ್ದಾಗ ಮರದಾಚೆ ಅವರ ನೀರಿನ ಟ್ಯಾಂಕ್ ಕಾಣಿಸಿತು. ಅಲ್ಲಿಂದ ಟವರೂ ಕಾಣುತ್ತಿತ್ತು, ಬಾಡಿಗೆ ಮನೆಗಳೂ ಕಾಣುತ್ತಿದ್ದವು. ಟ್ಯಾಂಕಿನ ಮೇಲೆ ಎರಡು ಆಂಟೆನಾ ಕೂರಿಸಿದೆ, ಒಂದು ಟವರಿನಿಂದ ತೆಗೆದುಕೊಳ್ಳುವುದಕ್ಕೆ, ಇನ್ನೊಂದು ಮನೆಗಳಿಗೆ ಕೊಡುವುದಕ್ಕೆ. ಇಂಟರ್ನೆಟ್ ಮಾವಿನ ಮರವನ್ನು ಸುತ್ತು ಹಾಕಿಕೊಂಡು ಬಂತು.

ಗೌಡರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ನೋಡ್ದಾ? ಮರ್ಯಾದೆಯಾಗಿ ಯೋಳಿದ್ರೆ ಅದೂ ಕೇಳ್ತದೆ."

ಗಾಳಿ ಬೀಸುವಾಗ

ತಣಿಸಂದ್ರದ ಅಪಾರ್ಟ್‌ಮೆಂಟ್ ಒಂದರಲ್ಲಿ ಸಿಲ್ವರ್ ಓಕ್ ಮರಗಳ ಸಾಲು. ಅವು ಒಂದು ಕಡೆ ವಾಲಿದರೆ ನೆಟ್ ಬರುತ್ತಿತ್ತು, ಇನ್ನೊಂದು ಕಡೆ ವಾಲಿದರೆ ಹೋಗುತ್ತಿತ್ತು. ಅಲ್ಲಿಂದ ಫೋನ್ ಬಂದಾಗಲೆಲ್ಲ ಗೆಳತಿಯ ಮೊದಲ ಪ್ರಶ್ನೆ, "ಸರ್, ಕಿಟಕೀಲಿ ನೋಡಿ, ಗಾಳಿ ಹೇಗಿದೆ?"

ಒಬ್ಬರು ತಾಳ್ಮೆಯಿಂದ ಹೇಳಿದರಂತೆ, "ಮೇಡಂ, ನಾನು ತಗೊಂಡಿದ್ದು ಇಂಟರ್ನೆಟ್ಟಾ, ಹಾಯಿದೋಣಿನಾ?"

ಬೆಳ್ಳಕ್ಕಿಗಳು ಬಂದ ಹೊತ್ತು

ಪುಟ್ಟೇನಹಳ್ಳಿ ಕೆರೆಯ ಪಕ್ಕದ ಮನೆಯೊಂದಕ್ಕೆ ವಯಸ್ಸಾದ ಸಂಗೀತದ ಟೀಚರ್ ಒಬ್ಬರು ಬಂದಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ತುಮಕೂರು ಬಿಟ್ಟು ತಂಗಿಯ ಮನೆ ಸೇರಿಕೊಂಡವರು. ಶಿಷ್ಯೆಯರು ತುಮಕೂರಿನಲ್ಲೇ ಉಳಿದಿದ್ದರು. ಸಂಜೆ ಎಲ್ಲರೂ ಒಬ್ಬಳ ಮನೆಯಲ್ಲಿ ಸೇರುತ್ತಿದ್ದರು, ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಪಾಠ. ಹಗಲೆಲ್ಲ ಚೆನ್ನಾಗಿರುವ ಲಿಂಕ್ ಸರಿಯಾಗಿ ಪಾಠದ ಹೊತ್ತಿಗೆ ಕೈಕೊಡುತ್ತಿತ್ತು.

"ಈ ಪಾಠ ಒಂದಿಲ್ದಿದ್ರೆ ನಾನು ಮಂಡಿಗೆ ಎಣ್ಣೆ ತಿಕ್ಕೊಂಡು ಕೂರೋ ಮುದುಕಿ ಅಷ್ಟೇ ಕಣಮ್ಮ" ಅಂದರು. ಆ ಮಾತು ನನಗೆ ನಾಟಿತು. ಅವತ್ತೇ ಸಂಜೆ ತಾರಸಿಯ ಮೇಲೆ ಹೋಗಿ ಕಾದೆ.

ಕೆಳಗೆ ತಂಬೂರಿ ಶುರುವಾಯಿತು. ಕೆರೆಯ ಮೇಲೆ ಬೆಳಕು ಕೆಂಪಾಗುತ್ತಾ ಬಂತು. ನಮ್ಮ ಆಂಟೆನಾ ಒಂದು ದೊಡ್ಡ ಮರದ ಕೊಂಬೆಗಳ ನಡುವಿನ ಕಿಂಡಿಯಲ್ಲಿ ಟವರನ್ನು ನೋಡುತ್ತಿತ್ತು. ಆಗ ಬಂದವು ನೋಡಿ, ಬೆಳ್ಳಕ್ಕಿಗಳು. ಮೊದಲು ಒಂದು ಸಾಲು, ಹಿಂದೆ ಇನ್ನೊಂದು, ಆಮೇಲೆ ಆಕಾಶವೇ ಬಿಳಿ. ರೆಕ್ಕೆ ಮಡಚಿ ಒಂದೊಂದಾಗಿ ಅದೇ ಕಿಂಡಿಯಲ್ಲಿ ಒತ್ತೊತ್ತಾಗಿ ಕೂತವು. ಕೆಳಗೆ ಟೀಚರ್ ಷಡ್ಜ ಹಿಡಿದು ಕೂತಿದ್ದರು. ಆ ಸ್ವರ, ಆ ಹಕ್ಕಿಗಳು. ನಾನು ಯಾಕೆ ಬಂದಿದ್ದೇನೆ ಅನ್ನುವುದೇ ಮರೆತುಹೋಯಿತು.

ಗೆಳತಿಯ ಫೋನ್. "ಟವರಿಂದ ಲಿಂಕ್ ಹೋಗಿದೆ ಅಂತ ತೋರಿಸ್ತಿದೆ. ಏನೇ ಆಯ್ತು?"

"ಎಲ್ಲಾ ಮನೆಗೆ ಬಂದ್ವು ಕಣೇ."

"ಯಾರು? ಗಿರಾಕಿಗೆ ಏನ್ ಹೇಳ್ಲಿ ನಾನು?"

ಮಾರನೆಯ ದಿನ ಆಂಟೆನಾವನ್ನು ತಾರಸಿಯ ಇನ್ನೊಂದು ತುದಿಗೆ ಒಯ್ದೆ, ಅಲ್ಲಿಂದ ಮರ ಅಡ್ಡ ಬರುತ್ತಿರಲಿಲ್ಲ. ಪಾಠಗಳು ಮತ್ತೆ ನಿಲ್ಲಲಿಲ್ಲ. ಆದರೆ ಬೆಳ್ಳಕ್ಕಿಗಳು ಬಂದ ಆ ಸಂಜೆ ನಾನು ಕೆಳಗಿಳಿದಾಗ ನಡೆದದ್ದನ್ನು ಹೇಳಲೇಬೇಕು.

ಟೀಚರ್ ಕಂಪ್ಯೂಟರಿನ ಮುಂದೆ ಚಡಪಡಿಸುತ್ತಿದ್ದರು. ಬಲು ಶಿಸ್ತಿನವರು. ಅವರು ಸ್ವರ ಹಿಡಿದಾಗ ಶಿಷ್ಯೆಯರು ಕೆಮ್ಮುವಂತಿಲ್ಲ. ಕೈ ಮೇಲೆತ್ತಿ, ಕಣ್ಣು ಮುಚ್ಚಿ ಸ್ವರ ಹಿಡಿದಿದ್ದಾಗಲೇ ಲಿಂಕ್ ನಿಂತಿತ್ತು. ತುಮಕೂರಿನ ಪರದೆಯ ಮೇಲೆ ಅವರು ಹಾಗೇ ನಿಶ್ಚಲವಾಗಿ ಉಳಿದುಬಿಟ್ಟಿದ್ದರು.

"ಪಾಪ, ಮಕ್ಕಳು ಕಾಯ್ತಿರ್ತಾರೆ" ಅಂತ ತಂಗಿಯ ಮನೆಯ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದರು. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. ಬಹಳ ಹೊತ್ತು ರಿಂಗಾದ ಮೇಲೆ ಒಬ್ಬ ಶಿಷ್ಯೆ ಎತ್ತಿ ಪಿಸುಗುಟ್ಟಿದಳು.

"ಯಾರೇ ಆಗಿರ್ಲಿ, ಆಮೇಲೆ ಮಾಡಿ. ಟೀಚರ್ ಧ್ಯಾನದಲ್ಲಿದ್ದಾರೆ."

"ಏ ಹುಡುಗಿ, ನಾನೇ ಕಣೇ ಟೀಚರ್!"

ಆ ಕಡೆ ಇನ್ನೂ ಸಣ್ಣ ಪಿಸುದನಿ. "ತಮಾಷೆ ಮಾಡ್ಬೇಡಿ. ಅವರು ನನ್ನ ಎದುರಿಗೇ ಕೂತಿದ್ದಾರೆ. ಫೋನ್ ಎತ್ತಿದ್ದು ಗೊತ್ತಾದ್ರೆ ಬೈತಾರೆ!"