ಉಪವಾಸಕ್ಕೆ ಕೂತ ಹೂಮರ

ಮರವನ್ನು ಉಪವಾಸ ಕೂರಿಸಿದ ಮಹಾನುಭಾವರು ಇಡೀ ಹೊಸೂರಿಗೆ ಒಬ್ಬರೇ; ಅವರು ನಮ್ಮ ಚಿಕ್ಕಪ್ಪ. ಅವರ ಪಕ್ಕದ ಮನೆಯಲ್ಲಿ ನಾನಿರುವುದು ನನ್ನ ಹಣೆಬರಹ!

ಚಿಕ್ಕಮ್ಮ ಬೀದಿ ಕೊಳಾಯಿಯಿಂದ ಕೊಡ ಹೊತ್ತು ಹೊತ್ತು ಮಲ್ಲಿಗೆ ಬೆಳೆಸಿದ್ದರು. ಭುಜ ಹಿಡಿದುಕೊಂಡ ಮೇಲೆ ಮಲ್ಲಿಗೆ ಒಣಗಿತು. ಹೂವಿಗೋಸ್ಕರ ಇವಳು ಇನ್ನು ನೀರು ಹೊರಬಾರದೆಂದು ಹಟ ತೊಟ್ಟ ಚಿಕ್ಕಪ್ಪ, ಬೇರಿಕೆಯ ಕಡೆಯ ನರ್ಸರಿಯೊಂದರಿಂದ ಬರಗಾಲಕ್ಕೂ ಜಗ್ಗದ ಹೈಬ್ರಿಡ್ ಹೂಮರದ ಸಸಿ ತಂದರು. ‘ಮೊದಲ ವರ್ಷ ಮಾತ್ರ ನೀರು ಹಾಕಿ’ ಎಂದಿದ್ದ ನರ್ಸರಿಯವನು. ಆ ಮಾತು ಇವರ ಕಿವಿಗೆ ಬಿದ್ದರೆ ತಾನೇ?

‘ಸಸಿ ಬಾಡ್ತೈತೆ, ಒಂದ್ ಚೊಂಬು ನೀರು ಹಾಕ್ತೀನಿ’ ಎಂದರು ಚಿಕ್ಕಮ್ಮ.

‘ಮುಟ್ಬೇಡ ಕಣೆ. ಅದರ ಅಭ್ಯಾಸ ಕೆಡಿಸ್ಬುಡ್ತೀಯ.’

ನನ್ನ ಪಾಡು ಕೇಳಿ. ರಾತ್ರಿ ಶಿಫ್ಟ್ ಮುಗಿಸಿ ಬಂದು ಕಣ್ಣು ಮುಚ್ಚಿದರೆ ಸಾಕು, ಕಾಂಪೌಂಡಿನಾಚೆಯಿಂದ ಕೂಗು: ‘ಬಾರ್ಲಾ, ಮೊಗ್ಗು ಬಂದೈತೆ.’ ಎದ್ದು ಹೋದರೆ ಇರುವೆ ಗೂಡು. ಇನ್ನೊಂದು ಸಲ ಬಸವನಹುಳು. ಅದೂ ನನ್ನ ಹಾಗೇ ತೂಕಡಿಸುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕಪ್ಪನ ಗೊರಕೆ ಶುರುವಾದ ಮೇಲೆ ಚಿಕ್ಕಮ್ಮ ಹಿತ್ತಲಿಂದ ಆ ನೋಯುವ ಭುಜದಲ್ಲೇ ಬಕೆಟ್ ಎತ್ತಿಕೊಂಡು ಸಸಿಯತ್ತ ಬರುವುದನ್ನು ಕಂಡೆ. ‘ಹೇಳ್ಬೇಡ ಕಣಪ್ಪ, ನೊಂದ್ಕೊಂತಾರೆ’ ಎಂದರು.

ಮರುವಾರ ಚಿಕ್ಕಪ್ಪ, ಹಿತ್ತಲ ಬಾಗಿಲಲ್ಲಿದ್ದ ನೀರಿನ ಡ್ರಮ್ಮನ್ನು ನನ್ನಿಂದಲೇ ಸಸಿಯ ಬುಡಕ್ಕೆ ಉರುಳಿಸಿ, ಹೊಸದಾಗಿ ಕೊಂಡ ಪೈಪನ್ನು ಬೀದಿ ಕೊಳಾಯಿಯಿಂದ ಎಳೆದು ತುಂಬಿಸಿ, ಮೇಲೊಂದು ಚೊಂಬು ಇಟ್ಟರು.

‘ನೀರು ಕುಡೀಬಾರ್ದ ಮರಕ್ಕೆ ಡ್ರಮ್ ಯಾಕೆ ಚಿಕ್ಕಪ್ಪ?’

‘ಕಣ್ಮುಂದೆ ನೀರಿದ್ರೂ ಕುಡೀದಂಗೆ ಇರಾದು ಕಲೀಲಿ.’

ಇವರ ಹತ್ತಿರ ವಾದ ಮಾಡುವ ತ್ರಾಣ ಯಾರಿಗಿದೆ!

ಎರಡು ವರ್ಷ ಕಳೆದು, ಈ ಬೇಸಿಗೆಯಲ್ಲಿ ಮರ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿತು. ತೊಟ್ಟು ನೀರೂ ಹಾಕಿಲ್ಲವೆಂದು ಚಿಕ್ಕಪ್ಪ ಬೀದಿಗೆಲ್ಲ ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಸಾರಿದರು. ಬಾಗಿಲಲ್ಲಿ ನಿಂತ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಜನ ಹೋದ ಮೇಲೆ ನಾನು ಖಾಲಿ ಡ್ರಮ್ಮನ್ನು ಎತ್ತಿಡಲು ಹೋದೆ.

‘ಅಲ್ಲೇ ಇರ್ಲಿ ಕಣ್ಲಾ, ತಿರ್ಗಾ ತುಂಬ್ಸು’ ಎಂದರು ಚಿಕ್ಕಪ್ಪ, ದನಿ ತಗ್ಗಿಸಿ. ‘ಇಲ್ದಿದ್ರೆ ಹಿತ್ತಲಿಂದ ಬಕೆಟ್ ಹೊತ್ಕೊಂಡ್ ಬತ್ತಾಳೆ.’

‘ಗೊತ್ತಿತ್ತಾ? ಮತ್ತೆ ನೀವೇ ಹಾಕ್ಬೋದಿತ್ತಲ್ಲ?’

‘ಮಲ್ಲಿಗೆ ಹೋದಾಗ್ನಿಂದ ಮಂಕಾಗಿದ್ಲು. ಕದ್ದು ನೀರು ಹಾಕಾಕೆ ಶುರು ಮಾಡಿದ್ಮೇಲೆ ನಗ್ತಾವ್ಳೆ. ದಿನಾ ಸುಳ್ಳು ಗೊರಕೆ ಹೊಡೆದು ನನ್ನ ಗಂಟ್ಲೇ ಒಣಗೋಗೈತೆ.’

ಆ ಮಧ್ಯಾಹ್ನ ಮಲಗಿದ್ದಾಗ ಗೊರಕೆ ಕೇಳಿಸಿತು. ಹಿಂದೆಯೇ ಚೊಂಬಿನ ಸದ್ದು. ಅಷ್ಟು ಸುಸ್ತಾಗಿದ್ದರೂ ಕಣ್ಣು ತುಂಬಿ ಬಂದು, ನನಗೆ ನಿದ್ದೆ ಹತ್ತಲಿಲ್ಲ.