ಹೆಬ್ಬೆರಳಿನಷ್ಟು ಸಂದಿ

ಅಳತೆ ಗೊತ್ತಿರುವವನಿಗೆ ಬುದ್ಧಿಯೂ ಇರುತ್ತದೆಂದು ದಯವಿಟ್ಟು ನಂಬಬೇಡಿ. ಶಹಾಬಾದದ ಒಂದು ಕಲ್ಲುಗಣಿಯಲ್ಲಿ ನಾನು ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಅಳೆದು ಲೆಕ್ಕ ಬರೆಯುವ ಮುನಶಿಯಾಗಿದ್ದೆ. ಚಪ್ಪಡಿಯ ಅಂಚು ಒಂದು ನೂಲಿನಷ್ಟು ಓರೆಯಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆಗಿ ಮೂರು ವರ್ಷ, ನನ್ನ ಮದುವೆಯಾಗಿ ಒಂದು ವರ್ಷ. ಹೆಂಡತಿ ಗೌರಮ್ಮ ಪಂಚಮಿ ಹಬ್ಬಕ್ಕೆ ತವರೂರು ಚಿಂಚೋಳಿಗೆ ಹೊರಟ ದಿನ ಟ್ರಂಕು ತೆಗೆದು ನೋಡಿದರೆ, ಅವಳ ತಾಯಿ ಕೊಟ್ಟ ಇಳಕಲ್ ಸೀರೆಯ ಸೆರಗನ್ನು ಇಲಿ ಕಡಿದುಹಾಕಿತ್ತು. "ಈ ಇಲಿ ಇರೋ ಮನಿಗಿ ನಾ ಮತ್ತ ಬರಂಗಿಲ್ಲ ನೋಡ್ರಿ" ಎಂದು ಕಣ್ಣೊರೆಸಿಕೊಂಡು, ಟ್ರಂಕು ಹೊರಿಸಿಕೊಂಡು, ಕರೆಯಲು ಬಂದ ಅಣ್ಣನ ಜೊತೆ ಹೋದಳು. ಆ ಮಾತನ್ನು ನಾನು ಕರಾರುಪತ್ರದಂತೆ ಹಿಡಿದುಕೊಂಡೆ.

ನಮ್ಮ ಬಾಡಿಗೆ ಮನೆಗೆ ನೆಲವೂ ಕಲ್ಲು, ಮಾಳಿಗೆಯೂ ಕಲ್ಲು. ಕಲ್ಲು ಕಲ್ಲಿನ ನಡುವೆ ಸಂದಿಗಳಿಗೇನು ಬರ. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬಹುದು? ಬೇರೆಯವರಾಗಿದ್ದರೆ ಎಲ್ಲವನ್ನೂ ಮುಚ್ಚುತ್ತಿದ್ದರು. ನಾನು ಮುನಶಿ, ಪರೀಕ್ಷೆಗೆ ಇಳಿದೆ. ಬೋನಿಗೆ ಬಿದ್ದ ಇಲಿಯೊಂದನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಬಾಯಿಗೆ ಎರಡು ಪರಸಿ ನಡುವೆ ಸಂದಿ ಬಿಟ್ಟು ನಿಲ್ಲಿಸಿ, ಆಚೆಗೆ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಚೂರು ಇಟ್ಟೆ. ಮೂರು ಬೆರಳಿನ ಸಂದಿಯಲ್ಲಿ ಇಲಿ ಮದುವಣಿಗನಂತೆ ನಡೆದುಹೋಯಿತು. ಎರಡು ಬೆರಳಿಗೂ ಹೋಯಿತು. ಹೆಬ್ಬೆರಳಿನಷ್ಟು ಇಟ್ಟಾಗ ಕ್ಷಣ ತಡೆದು, ಮೈ ಚಪ್ಪಟೆ ಮಾಡಿ ನುಸುಳಿತು. ಕಿರುಬೆರಳಿನ ಸಂದಿಗೆ ಮೂತಿಯಿಟ್ಟು ಹಿಂದೆ ಸರಿಯಿತು. ಪಕ್ಕದ ಮನೆಯ ಖಾಸಿಂಸಾಬ, ಗಣಿಯಲ್ಲಿ ಕಲ್ಲು ಒಡೆಯುವವನು, ನೋಡಿ ನಕ್ಕ: "ಮುನಶಿಯವ್ರ, ಇಲಿ ಹಿಂದ ಬಿದ್ದೀರಲ್ರಿ. ಚಿಂಚೋಳಿಗಿ ಯಾವಾಗ ಹೋಗ್ತೀರಿ? ಹೆಣ್ಮಕ್ಳನ್ನ ಕರಿಯಾಕ ಗಂಡನ ಹೋಗಬೇಕರಿ." ನಮ್ಮ ಕಡೆಯ ರೂಢಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಲಿ ಇರುವ ಮನೆಗೆ ಯಾವ ಮುಖ ಹೊತ್ತು ಕರೆಯಲಿ?

ಹಾಗಾಗಿ ಕಾಗದ ಬರೆದೆ. ಓದಿದ್ದೆಲ್ಲ ಉರ್ದು ಶಾಲೆಯಲ್ಲಿ. ಅರ್ಜಿಯಾದರೆ ಸೊಗಸಾಗಿ ಬರೆದೇನು. ಹೆಂಡತಿಗೆ ಕನ್ನಡದಲ್ಲಿ ಬರೆಯಲು ಕೂತರೆ ಅಕ್ಷರವೂ ನಾಚುತ್ತಿತ್ತು, ನಾನೂ ನಾಚುತ್ತಿದ್ದೆ. "ಹೆಬ್ಬೆರಳಿನ ಸಂದಿಯಲ್ಲಿ ಇಲಿ ದಾಟಿತು. ಅಡುಗೆಮನೆಯಲ್ಲಿ ಹನ್ನೊಂದು ಸಂದಿ ಮುಚ್ಚಿದೆ. ಕ್ಷೇಮ." ಇಂಥವು ನಾಲ್ಕು ಕಾಗದ ಹೋದವು, ಉತ್ತರವಿಲ್ಲ. ಸುಣ್ಣ, ಕಲ್ಲಿನ ಚಕ್ಕೆ ತುಂಬಿ ಕೊನೆಯ ಸಂದಿ ಮುಚ್ಚಿದ ದಿನ ಮನೆ ನಿಶ್ಶಬ್ದವಾಯಿತು. ಅವಳ ಬಳೆ ಸದ್ದಿಲ್ಲ, ರೊಟ್ಟಿ ಬಡಿಯುವ ಸದ್ದಿಲ್ಲ. ಈಗ ಇಲಿಯದ್ದೂ ಇಲ್ಲ. ಅವಳು ಬೇಕು, ಈಗಲೇ ಬೇಕು ಅನ್ನಿಸಿತು. ಸುಣ್ಣದ ಕೈಯಲ್ಲೇ ಕೂತು ಅತ್ತುಬಿಟ್ಟೆ.

ಮರುದಿನ ಉತ್ತರ ಬಂತು. ಅವಳದೇ ಅಕ್ಷರ: "ಇಲಿ ಎಷ್ಟು ಸಣ್ಣ ಸಂದಿನ್ಯಾಗ ಬರ್ತದಂತ ನಾಕು ಕಾಗದ ಬರದೀರಿ. ನಮ್ಮ ಮನಿ ಬಾಗಿಲಾ ಭಾಳ ದೊಡ್ಡದದ. ನಿಮಗ ಬರಾಕ ಆಗವಲ್ದೇನ್ರಿ?"

ವಾಡಿಯಲ್ಲಿ ರೈಲು ಬದಲಿಸಿ ಸೇಡಂ, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ: ನೀ ಇಲ್ದ ನನಗ ಹೊತ್ತು ಹೋಗವಲ್ದು. ಬಾಗಿಲು ತೆರೆದವಳು ಗೌರಮ್ಮನೇ. ಸ್ವಲ್ಪ ಸೊರಗಿದ್ದಳು. ನಾನು ಬಾಯಿ ತೆರೆದೆ, ಬಂದ ಮಾತು, "ಈಗ ಒಂದೂ ಇಲಿ ಇಲ್ಲ."

ಅವಳು ತಿರುಗಿ ಒಳಗೆ ಹೋದಳು. ಕೆಟ್ಟೆ ಎಂದುಕೊಂಡೆ. ಟ್ರಂಕು ಎಳೆದು ತಂದು ನನ್ನ ಕಾಲ ಬಳಿ ಇಟ್ಟಳು. "ಪಂಚಮಿ ಮುಗದ ಮರುದಿನಾನ ತುಂಬಿಟ್ಟೀನಿ. ಹಿಡೀರಿ" ಎಂದಳು.

ಟ್ರಂಕು ಭಾಳ ಭಾರವಿತ್ತು. ಬಸ್ಸು ನಿಲ್ಲುವ ಜಾಗದ ತನಕ ನಾನು ಅದನ್ನು ಒಮ್ಮೆಯೂ ಕೆಳಗಿಡಲಿಲ್ಲ.